ಎಡಗಾಲಿನ ಪ್ರಕಟಣೆ

ಡೆರ್ವ್ಲಾ ಗಿಲ್ಸೆನನ್‌ಳ ಎಡಗಾಲಿಗೆ ನೋವಾಗಿದೆ ಎಂದು ಕ್ಲಬ್ಬಿನವರು ಬೆಳಿಗ್ಗೆಯೇ ಊರಿಗೆಲ್ಲ ತಿಳಿಸಿಬಿಟ್ಟಿದ್ದರು. ಅವಳಿಗೆ ಅದು ತಿಳಿದದ್ದು ಆಮೇಲೆ, ಬಾಡಿಗೆ ಮನೆಯ ಅಡುಗೆಕಟ್ಟೆಯ ಮುಂದೆ ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತು ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ. ತೊಡೆಯ ಹಿಂಭಾಗದ ಸ್ನಾಯು ಸೆಳೆತಕ್ಕೆ ಒಳಗಾಗಿರುವುದರಿಂದ ಥಾರ್ನ್‌ಕ್ಲಫ್ ಮಹಿಳಾ ಫುಟ್‌ಬಾಲ್ ತಂಡದ ನಾಯಕಿ ಮಂಗಳವಾರ ಐರ್ಲೆಂಡಿನ ಪರ ಆಡುವುದು ಅನುಮಾನ ಎಂದಿತ್ತು ಪ್ರಕಟಣೆ. ಕೆಳಗೆ ಅವಳದೇ ಫೋಟೋ, ಹೋದ ವರ್ಷದ್ದು, ನಗುತ್ತಿರುವುದು. ಬೇಗ ಗುಣವಾಗು ಎಂದು ಯಾರ್ಯಾರೋ ಬರೆದಿದ್ದರು. ಐರಿಶರ ಕಾಲು ಗಾಜಿನದ್ದು, ಇಂಗ್ಲೆಂಡಿನಲ್ಲಿ ಕೂಲಿ ತಗೊಂಡು ಊರಿಗೆ ಹೋಗುವಾಗ ಒಡೆಯುತ್ತೆ ಎಂದು ಒಬ್ಬ ಬರೆದಿದ್ದ. ಅವನ ಮಾತಿಗೆ ತುಂಬ ಜನ ತಲೆದೂಗಿದ್ದರು. ಚಾಕು ಕೆಳಗಿಟ್ಟು ಅವಳು ಎಡದೊಡೆಯ ಹಿಂಭಾಗವನ್ನು ಬೆರಳಲ್ಲಿ ಒತ್ತಿ ನೋಡಿಕೊಂಡಳು. ಏನೂ ಇಲ್ಲ. ಗಟ್ಟಿಯಾಗಿ, ಬೆಚ್ಚಗೆ, ಏನೂ ಅರಿಯದಂತೆ ಇತ್ತು. ತನ್ನ ಮೈಯ ಸುದ್ದಿ ತನಗಿಂತ ಮೊದಲು ಊರಿಗೆ ಗೊತ್ತಾಗಿದೆಯಲ್ಲ ಎನ್ನಿಸಿ, ಬಟ್ಟೆ ಬದಲಾಯಿಸುವಾಗ ಯಾರೋ ಬಾಗಿಲು ತೆಗೆದುಬಿಟ್ಟಂತೆ ನಾಚಿಕೆಯಾಯಿತು. ಬ್ರೆಡ್ಡನ್ನು ಪೂರ್ತಿ ತಿನ್ನಲಾಗಲಿಲ್ಲ.

ನಿನ್ನೆ ಹೋಲ್ಡನ್ ತನ್ನ ಕೋಣೆಗೆ ಕರೆಸಿಕೊಂಡಿದ್ದ. ಕ್ಲಬ್ಬಿನ ಆಟದ ವ್ಯವಹಾರವೆಲ್ಲ ಅವನ ಕೈಯಲ್ಲಿ. ಗಂಡಸರ ತಂಡ ಹದಿನೈದು ದಿನದ ಹಿಂದೆ ಕೆಳದರ್ಜೆಗೆ ಬಿದ್ದಿತ್ತು. ಗೋಡೆಯ ಮೇಲಿನ ಅವರ ದೊಡ್ಡ ಚಿತ್ರಕ್ಕೆ ಬೆನ್ನು ಮಾಡಿ ಕೂತು, ಚಹಾ ತರಿಸಿ, ಅವಳ ಕಪ್ಪಿಗೆ ತಾನೇ ಹಾಲು ಹಾಕಿ ಅವನು ಮೆಲ್ಲಗೆ ಮಾತಾಡಿದ್ದ. ಗಂಡಸರು ಬಿದ್ದರು ಅಂದರೆ ಮೊದಲು ಕತ್ತರಿ ಬೀಳುವುದು ಹೆಂಗಸರ ತಂಡಕ್ಕೆ, ಅದು ಯಾರ ತಪ್ಪೂ ಅಲ್ಲ, ಆಡಳಿತ ಮಂಡಳಿಯವರು ಕಲ್ಲೆದೆಯವರೂ ಅಲ್ಲ. ಮುಂದಿನ ಭಾನುವಾರದ ಕೊನೆಯ ಪಂದ್ಯ ಗೆದ್ದು ಹೆಂಗಸರು ಮೇಲಿನ ದರ್ಜೆಯಲ್ಲಿ ಉಳಿದರೆ ಅವರ ಮುಂದೆ ವಾದಿಸಲು ತನಗೊಂದು ಆಧಾರ ಸಿಗುತ್ತೆ. ಮಂಗಳವಾರ ಡಬ್ಲಿನ್ನಿನ ಒದ್ದೆ ಹುಲ್ಲಿನ ಮೇಲೆ ಅವಳಿಗೇನಾದರೂ ಆದರೆ? ಉಳಿದ ಹುಡುಗಿಯರ ಗತಿ ಏನು? ಕರ್ಸ್ಟಿ ಈಗತಾನೆ ಮನೆ ಮಾಡಿದ್ದಾಳೆ. ಅವನು ಒಬ್ಬೊಬ್ಬಳ ಹೆಸರನ್ನೂ ಹೇಳಿದ. ಗಂಡಸರ ಹಳೆಯ ಅಂಗಿ ತೊಟ್ಟು, ಪಾರ್ಕಿಂಗ್ ಜಾಗದಲ್ಲಿಟ್ಟ ತಗಡಿನ ಡಬ್ಬಿಯಂಥ ಕೋಣೆಯಲ್ಲಿ ಬಟ್ಟೆ ಬದಲಾಯಿಸುವ ಹುಡುಗಿಯರ ಹೆಸರು ಅವನಿಗೆ ಬಾಯಿಪಾಠ ಬರುತ್ತದೆಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. "ನಾನು ನಿನ್ನ ಬಲವಂತ ಮಾಡ್ತಿಲ್ಲಮ್ಮ," ಅಂದಿದ್ದ, "ನಿನ್ನ ಮನಸ್ಸಾಕ್ಷಿಗೆ ಬಿಟ್ಟಿದ್ದು." ಅವಳು ಹೂಂ ಅಂದಿರಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಹಾಲು ಹೆಚ್ಚಾದ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದು, ಕಪ್ಪನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟು ಎದ್ದು ಬಂದಿದ್ದಳು. ಆ ಸದ್ದಾಗದ ಕಪ್ಪನ್ನೇ ಅವನು ಒಪ್ಪಿಗೆ ಅಂದುಕೊಂಡ. ಸದ್ದು ಮಾಡಬೇಕಿತ್ತು. ಐರ್ಲೆಂಡಿನಲ್ಲಿ, ಲಾಂಗ್‌ಫರ್ಡಿನ ಮನೆಯಲ್ಲಿ ಅಮ್ಮ ಪಾದ್ರಿ ಬಂದಾಗಲೆಲ್ಲ ಹೀಗೇ ಕಪ್ಪು ಇಡುತ್ತಿದ್ದಳು.

ಐರ್ಲೆಂಡ್ ತಂಡದವರು ಮಾತ್ರ ಪ್ರಕಟಣೆ ನಂಬಲಿಲ್ಲ. ನೋವಿದ್ದರೂ ಸರಿ, ನಮ್ಮ ಡಾಕ್ಟರೇ ನೋಡಬೇಕು, ಡಬ್ಲಿನ್ನಿಗೆ ಕಳಿಸಿ ಎಂದರು. ಹಾಗೆ ಕೇಳುವ ಹಕ್ಕು ಅವರಿಗಿತ್ತು. ಆದ್ದರಿಂದ ಡೆರ್ವ್ಲಾ ಮಧ್ಯಾಹ್ನದ ವಿಮಾನಕ್ಕೆ ಹೋಗಬೇಕು, ಹೋಗುವ ಮೊದಲು ಕುಂಟುವುದನ್ನು ಕಲಿಯಬೇಕು. ಫಿಸಿಯೋ ಟ್ರೆವರ್ ತನ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಮಂಚದಿಂದ ಕಿಟಕಿಯವರೆಗೆ ಅವಳನ್ನು ನಡೆಸಿದ. ಅವಳ ಕಾಲನ್ನು ಎಷ್ಟೋ ಸಲ ನಿಜವಾಗಿ ಗುಣಮಾಡಿದ ಕೈ ಅವನದು, ಯಾವ ಗಂಟು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವನು. ಇವತ್ತು ಅವಳ ಮುಖ ನೋಡದೆ ನೆಲ ನೋಡಿಕೊಂಡು ಹೇಳಿಕೊಡುತ್ತಿದ್ದ. ಹೆಜ್ಜೆ ಚಿಕ್ಕದು ಮಾಡು. ಮಂಡಿ ಪೂರ್ತಿ ಚಾಚಬೇಡ. ಕೂರುವಾಗ ಮೊದಲು ಕೈ ಊರು. ಎರಡನೆಯ ಸಲ ನಡೆದಾಗ ಅವಳು ಬಲಗಾಲಿನಲ್ಲಿ ಕುಂಟಿದಳು. ಇಬ್ಬರೂ ನಿಂತುಬಿಟ್ಟರು. "ಎಡ ಕಣಮ್ಮಾ, ಎಡ," ಅಂದ ಟ್ರೆವರ್, "ಬಲಗಾಲು ಅಂತ ಮೊದಲೇ ಹೇಳಿದ್ರೆ ಪ್ರಕಟಣೇಲಿ ಅದನ್ನೇ ಹಾಕಿಸ್ತಿದ್ವಿ." ಅವಳಿಗೆ ನಗು ಬಂತು, ಅವನಿಗೂ ಬಂತು, ಆಮೇಲೆ ಇಬ್ಬರಿಗೂ ಆ ನಗುವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವನು ತೊಡೆಗೆ ಪಟ್ಟಿ ಸುತ್ತಿದ. ಹೊರಡುವಾಗ ಅವಳ ಚೀಲದ ಜಿಪ್ಪು ತೆಗೆದು ಬೂಟುಗಳನ್ನು ಹೊರಗಿಟ್ಟ. ನೋವಾದವಳಿಗೆ ಬೂಟು ಯಾಕೆ, ಅನುಮಾನ ಬರುತ್ತೆ ಅಂತ ಹೋಲ್ಡನ್ ಹೇಳಿದ್ದಾನೆ, ಅಂದ. ಮೇಜಿನ ಮೇಲೆ ಬೂಟುಗಳು ಒಂದಕ್ಕೊಂದು ಒರಗಿ ಕೂತಿದ್ದವು. ತನ್ನ ಬೂಟನ್ನು ಇನ್ನೊಬ್ಬರು ಎತ್ತಿಟ್ಟುಕೊಳ್ಳುವುದನ್ನು ಅವಳು ಕೊನೆಯ ಸಲ ನೋಡಿದ್ದು ಹುಡುಗರ ತಂಡದಿಂದ ಹೊರಹಾಕಿದ ದಿನ. ನೀನಿನ್ನು ದೊಡ್ಡವಳಾದೆ, ಹುಡುಗರ ಜೊತೆ ಆಡೋಹಾಗಿಲ್ಲ, ಅಂದಿದ್ದರು ಮಾಸ್ತರು, ಪಾಪ, ಅವರೂ ನೆಲ ನೋಡಿಕೊಂಡೇ. ಅವತ್ತು ಅವಳು ಬೂಟನ್ನು ಕಿತ್ತುಕೊಂಡು, ಉರುವಲಿಗೆಂದು ಕೊಯ್ದ ಪೀಟ್ ಮಣ್ಣಿನ ಗುಡ್ಡೆಗಳ ನಡುವೆ ಮನೆಯವರೆಗೆ ಓಡಿದ್ದಳು. ಇವತ್ತು ಜಿಪ್ಪು ಎಳೆದುಕೊಂಡಳು.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳ ಹೆಸರಿನ ಫಲಕ ಹಿಡಿದು ಗಾಲಿಕುರ್ಚಿ ಕಾದಿತ್ತು. ಕ್ಲಬ್ಬಿನವರು ಅದನ್ನೂ ಮರೆತಿರಲಿಲ್ಲ. ಕುರ್ಚಿಯ ಹಿಂದೆ ನಿಂತಿದ್ದವಳು ಅರುವತ್ತರ ಆಸುಪಾಸಿನ ದಪ್ಪನೆಯ ಹೆಂಗಸು, ಹಳದಿ ಕೋಟು, ಎದೆಯ ಮೇಲೆ ಡಿಲಿಯಾ ಎಂಬ ಹೆಸರು. ಟ್ರೆವರ್ ಹೇಳಿಕೊಟ್ಟಂತೆ ಡೆರ್ವ್ಲಾ ಕೈ ಊರಿ ಕೂತಳು. ಇವಳಾಡಿದ ಒಂದೇ ಮಾತಿಗೆ ಆಕೆ ಕಿವಿ ನಿಮಿರಿಸಿ, ಯಾವ ಊರು ಮಗಾ, ಅಂದಳು. ಲಾಂಗ್‌ಫರ್ಡ್ ಅಂದದ್ದಕ್ಕೆ, ಅಯ್ಯೋ ಪಾಪ, ಅಲ್ಲಿಂದ ಕುಂಟ್ಕೊಂಡಾದ್ರೂ ಹೊರಗೆ ಬಂದ್ಯಲ್ಲ ಬಿಡು, ಅಂದಳು. ಡಿಲಿಯಾಳದೂ ಐರ್ಲೆಂಡೇ, ಮೇಯೋ. ಮ್ಯಾಂಚೆಸ್ಟರಿಗೆ ಬಂದು ಎಷ್ಟೋ ವರ್ಷವಾದರೂ ಮಾತು ನಿನ್ನೆಯಷ್ಟೇ ಹಡಗಿಳಿದಂತಿತ್ತು. ಫುಟ್‌ಬಾಲ್ ಅಂದರೆ ಆಗದಂತೆ. ಐರ್ಲೆಂಡಿನ ಗಂಡಸರು ಪ್ರತಿ ಸಲವೂ ಕೊನೇ ಗಳಿಗೆಯಲ್ಲಿ ಸೋತು ತನ್ನ ಗಂಡನನ್ನು ಬೇಗ ಸಾಯಿಸಿದರು ಎಂದಳು. ಹೆಂಗಸರೂ ಆಡುತ್ತಾರೆ ಅಂದದ್ದಕ್ಕೆ, ಗೊತ್ತು ಮಗಾ, ಸದ್ಯ ಅವನು ಅದನ್ನ ನೋಡೋಕೆ ಇರಲಿಲ್ಲ, ಎರಡೆರಡು ಸಲ ಸಾಯ್ತಿದ್ದ, ಅಂದಳು.

ಕುರ್ಚಿ ಹೊರಟಿತು. ಜನ ದಾರಿ ಬಿಟ್ಟರು. ದಾರಿ ಬಿಡುವಾಗ ಅವರ ಕಣ್ಣು ಮೊದಲು ಅವಳ ಕಾಲಿಗೆ, ಆಮೇಲೆ ಮುಖಕ್ಕೆ, ಆಮೇಲೆ ಬೇರೆಲ್ಲಿಗೋ ಹೋಗುತ್ತಿತ್ತು. ಒಬ್ಬಳು ತನ್ನ ಮಗುವನ್ನು ಬದಿಗೆಳೆದುಕೊಂಡು ಕ್ಷಮಿಸಿ ಅಂದಳು. ಡೆರ್ವ್ಲಾ ಪರವಾಗಿಲ್ಲ ಎಂಬಂತೆ ನಕ್ಕಳು, ನಕ್ಕದ್ದಕ್ಕೆ ಅಸಹ್ಯಪಟ್ಟಳು. ಹಿಂದಿನಿಂದ ಡಿಲಿಯಾಳ ಹೆಜ್ಜೆಯ ಸದ್ದು ಕೇಳುತ್ತಿತ್ತು: ಒಂದು ಭಾರ, ಒಂದು ಎಳೆತ, ಒಂದು ಭಾರ, ಒಂದು ಎಳೆತ. ಪ್ರತಿ ಎಳೆತಕ್ಕೂ ಕುರ್ಚಿ ತುಸು ಬಲಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಇದೇ ಸದ್ದನ್ನು ಡೆರ್ವ್ಲಾ ವರ್ಷಗಳ ಹಿಂದೆ ಕೇಳಿದ್ದಳು. ಡಬ್ಲಿನ್ನಿನ ಹೋಟೆಲಿನ ಉದ್ದನೆಯ ಓಣಿಯಲ್ಲಿ, ನೆಲಹಾಸಿನ ಮೇಲೆ, ಸೈವ್ ಗೋಡೆ ಹಿಡಿದು ತನ್ನ ರೂಮಿಗೆ ಹೋಗುತ್ತಿದ್ದಾಗ. ಸೈವ್ ಆಗ ಐರ್ಲೆಂಡಿನ ಗೋಲ್‌ಕೀಪರ್. ಅವಳ ಕ್ಲಬ್ಬು ಮಂಡಿ ನೋವೆಂದು ತಿಳಿಸಿತ್ತು, ಆದರೂ ಕರೆಸಿಕೊಂಡಿದ್ದರು. ಊಟದ ಮೇಜಿನಲ್ಲಿ ಎಲ್ಲರೂ ಕಣ್ಣು ಮಿಟುಕಿಸಿದ್ದರು. ಕ್ಲಬ್ಬಿನ ನೋವು ಕಣೇ ಅದು, ಭಾನುವಾರಕ್ಕೆ ತಾನಾಗೇ ಹೋಗುತ್ತೆ. ಕ್ಲಬ್ಬುಗಳು ಇಂಥ ನೋವನ್ನು ಎಷ್ಟು ಸಲ ಕಳಿಸಿದ್ದವೆಂದರೆ ನಿಜವಾದ ನೋವಿಗೆ ಮುಖವೇ ಉಳಿದಿರಲಿಲ್ಲ. ಕೋಚು ಡೆರ್ವ್ಲಾಳ ಕಡೆ ತಿರುಗಿ, ಇಲ್ಲೂ ನೀನೇ ನಾಯಕಿ, ನಿನಗೆ ಗೊತ್ತಿರುತ್ತೆ, ನಿಜಾನಾ, ಎಂದು ಕೇಳಿದಾಗ ಅವಳು ಬಾಯಲ್ಲಿ ಏನೂ ಹೇಳಲಿಲ್ಲ, ಹೆಗಲು ಕೊಂಚ ಎತ್ತಿ ಇಳಿಸಿದಳು. ಅಷ್ಟೇ. ಮರುದಿನ ಪರೀಕ್ಷೆ ಮಾಡೋಣವೆಂದು ಸೈವ್‌ಳನ್ನು ಗೋಲಿನಲ್ಲಿ ನಿಲ್ಲಿಸಿದರು; ಮೈದಾನದ ಮೂಲೆಯಿಂದ ಒದ್ದ ಚೆಂಡಿಗೆ ಹಾರಿದವಳು ಇಳಿಯುವಾಗ ಮಂಡಿ ಒಳಗಿಂದೊಳಗೇ ಮುರಿಯಿತು. ಹೆಗಲು ಎಷ್ಟು ಹಗುರ ಅಂಗ. ಇವತ್ತು ಡಬ್ಲಿನ್ನಿನಲ್ಲಿ ತನ್ನನ್ನು ಕರೆದೊಯ್ಯಲು ಬರುವವಳು ಅದೇ ಸೈವ್. ಆಟ ಬಿಟ್ಟು ಈಗ ತಂಡದ ಜೊತೆ ಕೀಪರುಗಳಿಗೆ ಹೇಳಿಕೊಡುತ್ತಾಳೆ. ಅವಳ ಎದುರು ಈ ಪಟ್ಟಿ ಸುತ್ತಿದ ಕಾಲನ್ನು ಎಳೆದುಕೊಂಡು ಹೋಗಬೇಕು. ಅವಳು ನಂಬಬೇಕು. ನಂಬಿಬಿಟ್ಟರೆ?

ಲಿಫ್ಟಿನೊಳಗೆ ಎದುರಿಗೇ ಕನ್ನಡಿ. ಕನ್ನಡಿಯಲ್ಲಿ ಕುರ್ಚಿಯಲ್ಲಿ ಕೂತ ಉದ್ದ ಕಾಲಿನ, ಅಗಲ ಭುಜದ ಹೆಂಗಸೊಬ್ಬಳು. ಅವಳ ಹಿಂದೆ ಕುರ್ಚಿಯ ಹಿಡಿಗೆ ಎರಡೂ ಕೈಯಿಂದ ಜೋತುಬಿದ್ದು ಉಸಿರು ಬಿಡುತ್ತಿದ್ದ ಡಿಲಿಯಾ. ಪ್ಯಾಂಟಿನೊಳಗಿಂದ ಅವಳ ಮಂಡಿಗಳು ಬೇಯಿಸಿದ ಬ್ರೆಡ್ಡಿನಂತೆ ಊದಿ ಕಾಣುತ್ತಿದ್ದವು. ಎಡಗಾಲಿನ ಬೆರಳುಗಳನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿದ್ದಳು. ಟ್ರೆವರ್ ಹೇಳಿಕೊಟ್ಟಿದ್ದು ಇದನ್ನೇ. ಡೆರ್ವ್ಲಾ ಎದ್ದು ನಿಂತುಬಿಟ್ಟಳು, ಕೈ ಊರದೆ, ಒಂದೇ ಸಲಕ್ಕೆ, ಮೈದಾನದಲ್ಲಿ ಬಿದ್ದವಳು ಏಳುವಂತೆ. ನೀವು ಕೂತ್ಕೊಳ್ಳಿ ಅಂದಳು. ಡಿಲಿಯಾಳ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಕೂತ್ಕೊಳೇ ಸುಮ್ನೆ. ಮೇಲೆ ಕ್ಯಾಮೆರಾ ಇದೆ. ನಿನ್ನ ಪುಣ್ಯ ನಿನ್ನ ಹತ್ರಾನೇ ಇರಲಿ, ನನ್ನ ಕೆಲಸ ನನಗಿರಲಿ."

ಲಿಫ್ಟಿನ ಬಾಗಿಲು ತೆರೆಯಿತು. ಅವಳು ಕೂತಳು. ಇದಕ್ಕಿಂತ ದೊಡ್ಡ ಅವಮಾನ ಅವಳಿಗೆ ನೆನಪಿಲ್ಲ, ಎದುರಾಳಿ ಊರಿನವರು ಐರಿಶಳೆಂದು ಹೀಗಳೆದು ಪ್ಯಾಡಿ ಎಂದು ಹಾಡು ಕಟ್ಟಿ ಅರಚಿದಾಗಲೂ ಹೀಗಾಗಿರಲಿಲ್ಲ. ಎದ್ದರೆ ಇವಳ ಕೆಲಸ ಹೋಗುತ್ತದೆ, ಕುಂಟದಿದ್ದರೆ ಕ್ಲಬ್ಬಿನ ಹುಡುಗಿಯರ ಕೆಲಸ ಹೋಗುತ್ತದೆ. ಯಾರೋ ಎಲ್ಲೋ ಕೂತು ಬೇರೆಯವರ ಅನ್ನವನ್ನೆಲ್ಲ ತಂದು ಅವಳ ಎರಡು ಕಾಲಿನ ಮೇಲೆ ಪೇರಿಸಿಟ್ಟು, ಅಲುಗಾಡಬೇಡ ಮಗಳೇ, ಚೆಲ್ಲಿದರೆ ಪಾಪ ನಿನಗೆ, ಎನ್ನುತ್ತಿದ್ದರು.

ಗೇಟಿನ ಬಳಿ ಇನ್ನೂ ಕಾಯಬೇಕಿತ್ತು. ಡಿಲಿಯಾ ಕುರ್ಚಿಯನ್ನು ಕಂಬದ ಮರೆಗೆ ನಿಲ್ಲಿಸಿ ಪಕ್ಕದ ಬೆಂಚಿನ ಅಂಚಿನಲ್ಲಿ ಕೂತು, ಕೋಟಿನ ಜೇಬಿನಿಂದ ಕಾಗದ ಸುತ್ತಿದ ಸೋಡಾ ಬ್ರೆಡ್ಡು ತೆಗೆದು ಅರ್ಧ ಮುರಿದು ಕೊಟ್ಟಳು. ಲಿಫ್ಟಿನಲ್ಲಿ ಎದ್ದು ನಿಂತದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆ ಆಪರೇಷನ್ ಮಾಡಿಸಿಕೊಳ್ಳಲಿಲ್ಲ ಎಂದು ಡೆರ್ವ್ಲಾ ಕೇಳಿದಳು. ಆಸ್ಪತ್ರೆಯ ಸರದಿಯಲ್ಲಿದ್ದಾಳಂತೆ, ಎರಡು ಚಳಿಗಾಲ ಹೋಯಿತಂತೆ. ಹಾಗಾದರೆ ಕೂತು ಮಾಡುವ ಕೆಲಸ ಕೇಳಬಾರದೆ ಎಂದರೆ ಡಿಲಿಯಾ ಇವಳಿಗೆಷ್ಟು ಬುದ್ಧಿ ಎಂಬಂತೆ ನೋಡಿದಳು.

"ಕಾಲು ಹೋಗಿದೆ ಅಂತ ಗೊತ್ತಾದ್ರೆ ಇದನ್ನೂ ಕಿತ್ಕೋತಾರೆ. ಮೇಲಿನವರು ಬಂದಾಗ ನೋಡ್ಬೇಕು ನೀನು ನನ್ನ, ಹುಡುಗಿ ಥರ ನಡೀತೀನಿ. ನೆಟ್ಟಗೆ. ರಾತ್ರಿ ಮನೇಲಿ ಅಳ್ತೀನಿ, ಅದು ಬೇರೆ ವಿಷಯ."

ಬ್ರೆಡ್ಡು ಡೆರ್ವ್ಲಾಳ ಬಾಯಲ್ಲೇ ಉಳಿಯಿತು. ಕುಂಟುವವಳು ನೆಟ್ಟಗೆ ನಡೆಯಬೇಕು, ನೆಟ್ಟಗಿರುವವಳು ಕುಂಟಬೇಕು. ಟ್ರೆವರನ ಕೋಣೆಯಂಥದೇ ಒಂದು ಕೋಣೆ ಇವಳಿಗೂ ಇರಬೇಕು, ತನ್ನ ಮನೆಯಲ್ಲೇ, ಮಂಚದಿಂದ ಕಿಟಕಿಯವರೆಗೆ. ಅಲ್ಲಿ ಈಕೆ ಒಬ್ಬಳೇ ಅಭ್ಯಾಸ ಮಾಡುತ್ತಾಳೆ. ಎಲ್ಲ ಕಡೆಯೂ ಹೆಂಗಸರು ತಮ್ಮದಲ್ಲದ ನಡಿಗೆಯನ್ನು ಅಭ್ಯಾಸ ಮಾಡುತ್ತಿದ್ದಾರೆ. ಅಮ್ಮ ಸದ್ದಾಗದಂತೆ ಕಪ್ಪು ಇಡುತ್ತಿದ್ದಾಳೆ. ಅವಳಿಗೆ ಕರುಣೆ ಬರಲಿಲ್ಲ. ಸಿಟ್ಟು ಎದ್ದಿತು, ಪಂದ್ಯದ ಮೊದಲ ಡಿಕ್ಕಿಗೆ ಮುಂಚೆ ಏಳುವಂಥದ್ದು, ಕಣ್ಣನ್ನು ತಿಳಿಯಾಗಿಸುವಂಥದ್ದು. ಹೋಲ್ಡನ್ ಹೆಸರು ಹೇಳಿದ ಹುಡುಗಿಯರನ್ನು ತಾನು ಒಂದು ಮಾತು ಕೇಳಿಯೇ ಇಲ್ಲ ಎಂಬುದು ಆಗ ಹೊಳೆಯಿತು. ಅವಳು ಕರ್ಸ್ಟಿಗೆ ಫೋನು ಮಾಡಿದಳು. ಕರ್ಸ್ಟಿ ಥಾರ್ನ್‌ಕ್ಲಫ್ಫಿನವಳೇ, ನಡುಮೈದಾನದಲ್ಲಿ ಆಡುವವಳು, ಬಾಯಿ ಜೋರು.

ಹೋಲ್ಡನ್ ನಿನ್ನೆ ಸಂಜೆ ಅವರನ್ನೂ ಕರೆಸಿದ್ದನಂತೆ. ಡೆರ್ವ್ಲಾ ತಾನಾಗಿಯೇ ಬಂದು, ದೇಶಕ್ಕಿಂತ ಕ್ಲಬ್ಬು ಮುಖ್ಯ, ನಾನು ಹೋಗಲ್ಲ ಎಂದಳು, ನೀವೂ ಅವಳ ಹಾಗೆ ತ್ಯಾಗಕ್ಕೆ ತಯಾರಾಗಿ ಎಂದು ಭಾಷಣ ಬಿಗಿದನಂತೆ. ಅವರಲ್ಲಿ ಇಬ್ಬರು ಕಣ್ಣು ಒರೆಸಿಕೊಂಡರಂತೆ. ಡೆರ್ವ್ಲಾ ನಡೆದದ್ದೆಲ್ಲ ಹೇಳಿದಳು, ಕಪ್ಪಿನ ಸಂಗತಿಯನ್ನೂ ಬಿಡದೆ.

"ನಮ್ಮ ಹೆಸರು ಹೇಳಿ ನಿನ್ನ ಕುಂಟಿಸ್ತಿದಾನಾ ಅವನು?" ಅಂದಳು ಕರ್ಸ್ಟಿ. "ಥೂ. ಕೇಳಿದ್ನಾ ನಮ್ಮನ್ನ? ಗೆದ್ರೆ ಉಳಿಸ್ತಾನೆ ಅಂತ ಯಾರಿಗೇ ಗ್ಯಾರಂಟಿ?"

ಡೆರ್ವ್ಲಾ ಕೇಳಬೇಕಾದ್ದನ್ನು ಕೇಳಿದಳು: ಮಂಗಳವಾರ ನಿಜವಾಗಿ ಕಾಲು ಹೋದರೆ?

"ಹೋದ್ರೆ ನೀನಿಲ್ದೆ ಆಡ್ತೀವಿ. ಬೀಳ್ತೀವಿ. ನಾವು ಬೀಳೋದು ನಮ್ಮ ಹಣೇಲಿ ಬರ್ದಿದ್ರೆ ಅದಕ್ಕೆ ನಿನ್ನ ಕಾಲು ಯಾಕೇ ಬೇಕು? ನೋಡು, ಮಂಗಳವಾರ ಆಡು. ಭಾನುವಾರ ಬಂದು ಇಲ್ಲೂ ಆಡು. ಎರಡು ಪಂದ್ಯ ಆಡೋಕಾಗಲ್ವಾ ನಿನಗೆ? ಮುದುಕಿ ಆದ್ಯಾ?"

ನಿನ್ನ ಅಜ್ಜಿ ಮುದುಕಿ, ಅಂದಳು ಡೆರ್ವ್ಲಾ. ಫೋನಿಟ್ಟ ಮೇಲೂ ಹೆದರಿಕೆ ಹೋಗಿರಲಿಲ್ಲ; ಕರ್ಸ್ಟಿಯ ಹೊಸ ಮನೆ, ಅದರ ಹಸಿರು ಬಾಗಿಲು, ಕಣ್ಣೆದುರು ಹಾಗೆಯೇ ಇತ್ತು. ಆದರೆ ಆ ಬಾಗಿಲನ್ನು ತೆಗೆಯುವುದೂ ಮುಚ್ಚುವುದೂ ತನ್ನ ತೊಡೆಯಲ್ಲ. ಅಲ್ಲಿಯೇ, ಕಂಬದ ಮರೆಯಲ್ಲಿ, ಪ್ಯಾಂಟಿನ ಕಾಲನ್ನು ಮೇಲೆ ಸರಿಸಿ ಅವಳು ಪಟ್ಟಿ ಬಿಚ್ಚತೊಡಗಿದಳು. ಬಿಚ್ಚಿದಷ್ಟೂ ಇತ್ತು. ಸುರುಳಿ ಸುತ್ತಿ ಎಲ್ಲಿ ಎಸೆಯಲೆಂದು ಡೆರ್ವ್ಲಾ ಅತ್ತಿತ್ತ ನೋಡುವಷ್ಟರಲ್ಲಿ ಡಿಲಿಯಾ ಕೈ ಚಾಚಿ, ಚೆನ್ನಾಗಿದೆ, ಎಸೀತಾರಾ ಯಾರಾದ್ರೂ, ಕೊಡು ಇಲ್ಲಿ, ಎಂದು ಇಸಿದುಕೊಂಡು ಜೇಬಿಗೆ ಹಾಕಿಕೊಂಡಳು. ಆಮೇಲೆ, ವಿಮಾನದ ಬಾಗಿಲವರೆಗೆ ತಳ್ಳಿದ ಲೆಕ್ಕ ತೋರಿಸಬೇಕು, ಅಲ್ಲೀವರೆಗೆ ಕೂತಿರು, ಆಮೇಲೆ ಬೇಕಾದ್ರೆ ಕುಣಿ, ಅಂದಳು. ಡೆರ್ವ್ಲಾ ಕೂತಳು. ಈ ಸಲ ಕೂತದ್ದು ಡಿಲಿಯಾಳಿಗಾಗಿ, ಅದು ಅವಳಿಗೆ ಗೊತ್ತಿತ್ತು. ಮೊದಲಿನ ಕೂರುವಿಕೆಯಂತೆ ಇದು ಚುಚ್ಚಲಿಲ್ಲ. ವಿಮಾನದ ಬಾಗಿಲಲ್ಲಿ ಎದ್ದು, ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿ ತಿರುಗಿ ನೋಡಿದಳು. ಖಾಲಿ ಕುರ್ಚಿಗೆ ಭಾರ ಬಿಟ್ಟು ಡಿಲಿಯಾ ಹಿಂದಿರುಗುತ್ತಿದ್ದಳು. ಓಣಿಯ ತುದಿಯಲ್ಲಿ ಯಾರೋ ಮೇಲಿನವರು ಕಂಡಿರಬೇಕು: ಬೆನ್ನು ತಟ್ಟನೆ ನೆಟ್ಟಗಾಯಿತು, ಹೆಜ್ಜೆಯ ಸದ್ದು ಸಮನಾಯಿತು.

ಡಬ್ಲಿನ್ನಿನಲ್ಲಿಯೂ ಅವಳ ಹೆಸರಿನ ಕುರ್ಚಿ ಕಾದಿತ್ತು. ಬೇಡ ಅಂದಳು. ತಳ್ಳುವವನು ಸಂತೋಷದಿಂದ ಬೇರೊಬ್ಬರ ಕಡೆ ಹೋದ. ಹೊರಬಾಗಿಲಿನ ಬಳಿ ತಂಡದ ಹಸಿರು ಕೋಟು ತೊಟ್ಟು ಸೈವ್ ನಿಂತಿದ್ದಳು, ಎಂದಿನಂತೆ ಒಂದು ಕಾಲನ್ನು ಸ್ವಲ್ಪ ಮುಂದೆ ಚಾಚಿ. ಡೆರ್ವ್ಲಾ ನಡೆದು ಬರುವುದನ್ನು ಅವಳು ದೂರದಿಂದಲೇ, ಚೆಂಡನ್ನು ನೋಡುವಂತೆ, ಕಣ್ಣು ಕೀಳದೆ ನೋಡಿದಳು. ಚೀಲ ತೆಗೆದುಕೊಳ್ಳಲು ಕೈ ಚಾಚಲಿಲ್ಲ.

"ಕ್ಲಬ್ಬಿನ ನೋವಾ, ನಿನ್ನ ನೋವಾ?"

"ಕ್ಲಬ್ಬಿನದು," ಅಂದಳು ಡೆರ್ವ್ಲಾ. "ಅವರದ್ದು ಅವರಿಗೇ ಬಿಟ್ಟು ಬಂದೆ."

ಸೈವ್ ತಲೆಯಾಡಿಸಿದಳು. ಡೆರ್ವ್ಲಾ ಇನ್ನೂ ಏನೋ ಹೇಳಲು ಹೊರಟು, ಅವತ್ತು ಕೋಚು ಕೇಳಿದಾಗ ನಾನು, ಎಂದು ತೊಡಗಿ, ಮುಂದಿನದಕ್ಕೆ ಮಾತು ಸಿಗದೆ ನಿಂತಳು. ಹೆಗಲಿಗೆ ಮಾತು ಎಲ್ಲಿಂದ ತರುವುದು. ಗೊತ್ತು, ನಾನು ನೋಡಿದ್ದೆ, ಅಂದಳು ಸೈವ್, ಸಿಟ್ಟಿಲ್ಲದೆ, ಕ್ಷಮೆಯೂ ಇಲ್ಲದೆ. ಆಮೇಲೆ ಬೂಟು ಎಲ್ಲಿ ಅಂದಳು. ಕ್ಲಬ್ಬಿನವರು ಇಟ್ಟುಕೊಂಡರು ಎಂಬ ಉತ್ತರ ಕೇಳಿ, ಮೊದಲ ಸಲ ನಕ್ಕಳು. ಕಾರಿನಲ್ಲಿ ನನ್ನದಿದೆ, ಹಾಕದೆ ವರ್ಷಗಳಾದವು, ಕಚ್ಚುತ್ತೆ, ಕಚ್ಚಿಸಿಕೋ, ಅಂದಳು.

ಇಬ್ಬರೂ ಹೊರಗೆ ಬಂದರು. ತೆಳ್ಳನೆಯ ಬಿಸಿಲಿತ್ತು. ಪತ್ರಿಕೆಯವನೊಬ್ಬ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಕಾಯುತ್ತಿದ್ದವನು, ಗಾಲಿಕುರ್ಚಿಯ ಚಿತ್ರ ಸಿಗಲಿಲ್ಲವೆಂದು ಅರ್ಧ ನಿರಾಸೆಯಲ್ಲಿ, ಕ್ಲಬ್ಬಿನ ಪ್ರಕಟಣೆಯನ್ನು ಫೋನಿನಲ್ಲಿ ತೆರೆದು ಹಿಡಿದು ಹಿಂದೆಯೇ ಬಂದ. ಇಲ್ಲಿ ಎಡಗಾಲು ಅಂತಿದೆ, ನೀವು ಕುಂಟ್ತಾನೇ ಇಲ್ಲ, ನೋವಾದದ್ದು ಎಡಗಾಲೋ ಬಲಗಾಲೋ ಡೆರ್ವ್ಲಾ, ಎಂದು ಕೇಳಿದ. ಏನೂ ಹೇಳದೆ ಕಾರು ಹತ್ತಿಬಿಡಬಹುದಿತ್ತು. ಡಾಕ್ಟರ ಕೋಣೆಯಲ್ಲಿ ಮೆಲ್ಲಗೆ ಹೇಳಿ, ಪ್ರಕಟಣೆಯೂ ಉಳಿದು ಪಂದ್ಯವೂ ಉಳಿಯುವಂತೆ, ಕಪ್ಪು ಸದ್ದಾಗದಂತೆ ಇಟ್ಟುಬಿಡಬಹುದಿತ್ತು. ಅವಳು ನಿಂತಳು. ಮುಂದೆ ನಡೆಯುತ್ತಿದ್ದ ಸೈವ್ ಕೂಡ, ಕಾಲೆಳೆಯುವ ಸದ್ದು ನಿಲ್ಲಿಸಿ, ನಿಂತಳು.

"ಎರಡೂ ನನ್ನವೇ," ಅಂದಳು ಡೆರ್ವ್ಲಾ. "ಎರಡಕ್ಕೂ ಏನೂ ಆಗಿಲ್ಲ. ಬರ್ಕೋ. ಹೋಲ್ಡನ್ ಅಂತ ಇದಾನೆ, ಅವನ ಹೆಸರೂ ಬರ್ಕೋ."

ಅವನು ಬರೆದುಕೊಳ್ಳುತ್ತಿರುವಾಗಲೇ ಅವಳು ಹೊರಟಳು, ಅವಸರವಿಲ್ಲದೆ, ಸೈವ್‌ಳ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು.